ಎರಡು ಕರ್ಣ

ಅಳೆದೂ ಸುರಿದೂ ಅನ್ನುತ್ತಾರಲ್ಲ,
ನಾನು ಅಳೆದದ್ದು ಮೂರು ಸಲ, ಸುರಿದದ್ದು ಒಂದೇ ಸಲ:
ಗುರುವಾರ ಬೆಳಗ್ಗೆ ಏಳಕ್ಕೆ
ಗರಗರ ಹೊಟ್ಟೆ ತಿರುಗಿಸುತ್ತ ಬಂದ ಕಾಂಕ್ರೀಟ್ ಲಾರಿ
ಓಣಿಯ ನಾಯಿಗಳನ್ನೆಲ್ಲ ಎಬ್ಬಿಸಿ
ಹಿತ್ತಲಿನ ಚೌಕಟ್ಟಿಗೆ ಬೂದು ಅಂಬಲಿ ಬಡಿಸಿ ಹೋಯಿತು.
ತಮ್ಮ ದಾನಿಲೊ ಒಂದು ತುದಿ, ನಾನೊಂದು ತುದಿ,
ಹಲಗೆ ಎಳೆದೆಳೆದು ಮಟ್ಟ ಮಾಡಿದೆವು.
ಮಧ್ಯಾಹ್ನದ ಹೊತ್ತಿಗೆ
ಅದು ನಮ್ಮ ಮಾತು ಕೇಳುವುದನ್ನು ಬಿಟ್ಟಿತು.

ಮಾರನೆಯ ದಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿದೆ.
ಆಯತಕ್ಕೆ ಎರಡು ಕರ್ಣ, ಎರಡೂ ಸಮ ಇರಬೇಕು.
ಒಂದು ಕರ್ಣ ನಾನು ಹೇಳಿದ್ದು ಕೇಳಿತ್ತು.
ಇನ್ನೊಂದು ಕಿವುಡು.
ಮುಕ್ಕಾಲು ಇಂಚು.

ಮುಕ್ಕಾಲು ಇಂಚು ಏನು ಮಹಾ?
ಇಪ್ಪತ್ತೆರಡು ಚಳಿಗಾಲ ಯಾರ್ಕ್‌ಟನ್ನಿನ ಬೀದಿಗಳ ಹಿಮ ಬಳಿದವಳು ನಾನು,
ಕೆಲವು ರಾತ್ರಿ ರಸ್ತೆ ಎಲ್ಲಿದೆಯೆಂದು ಊಹಿಸಿಯೇ ಓಡಿಸಿದವಳು;
ಎರಡು ಅಂಚೆಪೆಟ್ಟಿಗೆ, ಪಾದ್ರಿಯ ಮನೆಯ ಒಂದು ಬೇಲಿ
ಬಿಟ್ಟರೆ ಯಾರಿಗೂ ಕೇಡು ಮಾಡಿಲ್ಲ.
ಊರಿನ ಕಾರುಗಳಿಗೆಲ್ಲ ದಾರಿ ಬಿಡಿಸಿ ಮನೆಗೆ ಬಂದರೆ
ನನ್ನದೇ ಕಾರು ಬಿಳಿ ಗೋರಿಯೊಳಗೆ
ಕರೆಂಟು ವಯರು ಕಚ್ಚಿಕೊಂಡು ಮಲಗಿರುತ್ತಿತ್ತು.
ಅದಕ್ಕೇ ಈ ಗ್ಯಾರೇಜು.

ಆದರೆ ಮರಕ್ಕೆ ಲೆಕ್ಕ ಗೊತ್ತು.
ಗೋಡೆಯ ಚೌಕಟ್ಟು ಎತ್ತಿ ನಿಲ್ಲಿಸಿದಾಗ
ಮುಕ್ಕಾಲು ಇಂಚೂ ಜೊತೆಗೇ ಎದ್ದು ನಿಂತಿತು.
ಹದಿಮೂರು ತೊಲೆಗಟ್ಟುಗಳನ್ನು ಸಾಲಾಗಿ ಕೂರಿಸಿದಾಗ
ಅದೂ ಏಣಿ ಹತ್ತಿ ಬಂತು.
ಮಾಡಿನ ಕೊನೆಯ ತಗಡಿನಲ್ಲಿ ಹಲ್ಲು ಕಿರಿಯಿತು,
ಒಂದು ತುದಿ ಉದ್ದ, ಒಂದು ತುದಿ ಮೋಟು.
ಅಂಚಿಗೊಂದು ಅಗಲದ ಪಟ್ಟಿ ಹೊಡೆದೆ.
ತಪ್ಪಿನ ಮೇಲೆ ಪಟ್ಟಿ ಹೊಡೆಯುವುದಕ್ಕೇ
ಫಿನಿಶಿಂಗ್ ಅನ್ನುತ್ತಾರಂತೆ, ದಾನಿಲೊ ಹೇಳಿದ.

ಆಗಸ್ಟ್ ಪೂರ್ತಿ ಗಾಜಿನ ಉಣ್ಣೆ ತುಂಬಿಸಿದೆ,
ಮೈಯೆಲ್ಲ ನವೆ. ಸೆಪ್ಟೆಂಬರು ಪೂರ್ತಿ
ಜಿಪ್ಸಮ್ ಹಲಗೆಯ ಬೆಸುಗೆಗೆ ಮೆತ್ತುವುದು, ಉಜ್ಜುವುದು,
ಮತ್ತೆ ಮೆತ್ತುವುದು.
ಹಾಲಿನಂಥ ಧೂಳಿನಲ್ಲಿ ಹೊರಬಂದ ನನ್ನನ್ನು ಕಂಡು
ಪಕ್ಕದ ಮನೆಯ ಕೂಸು ಅತ್ತೇಬಿಟ್ಟಿತು.

ನಗರಸಭೆಯಿಂದ ಓಸ್ಟ್ ಎಂಬಾತ ತಪಾಸಣೆಗೆ ಬಂದ.
ಗೋಡೆಗೆ ಮಟ್ಟಗೋಲು ಒರಗಿಸಿದ; ಗುಳ್ಳೆ ನಡುವಲ್ಲೇ ನಿಂತು
ನನ್ನ ಮಾನ ಕಾಪಾಡಿತು.
ಕರ್ಣ ಅಳೆಯಲಿಲ್ಲ.
ಬಾಗಿಲ ಮೇಲಿನ ಸ್ಪ್ರಿಂಗು ನೋಡಿ ಎರಡು ಹೆಜ್ಜೆ ಹಿಂದೆ ಸರಿದು,
ಇದನ್ನೂ ನೀವೇ ಬಿಗಿದಿರಾ, ಅಂದ.
ಹೌದು.
ದೇವರು ದೊಡ್ಡವನು, ಎಂದು ಸಹಿ ಹಾಕಿದ.

ನೆಲಕ್ಕೆ ಎರಡು ಕೋಟು ಬಣ್ಣ,
ಬಾತುಕೋಳಿಯ ಮೊಟ್ಟೆಯ ಹಾಗೆ ಮಿರುಗುವ ಬೂದು.
ಮೊದಲ ಹಿಮ ಬಿತ್ತು. ಕಾರು ಹೊರಗೇ.
ಉಪ್ಪು, ಕೆಸರು, ಆ ಹಾಳು ಟೈರು,
ಹೇಗೆ ಬಿಡಲಿ ಇದರ ಮೇಲೆ?
ಕಾಲುಚೀಲದಲ್ಲಿ ಒಳಗೆ ಹೋಗಿ
ಬಣ್ಣದ ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದೆ.
ದೀಪ ಹಚ್ಚುವುದು, ಆರಿಸುವುದು.
ಬಾಗಿಲನ್ನು ಸುಮ್ಮನೆ ಒಂದು ಸಲ ಎತ್ತುವುದು, ಇಳಿಸುವುದು.
ನಿನ್ನ ಕಾರಿಗಿಂತ ನೀನೇ ಬೆಚ್ಚಗಿದ್ದೀಯ, ಅಂದ ದಾನಿಲೊ.

ಸೊನ್ನೆಗಿಂತ ಮೂವತ್ತಾರು ಕೆಳಗಿಳಿದ ರಾತ್ರಿ ಸೋತೆ.
ಕಾರು ಒಳಗೆ ಬಂತು, ಉಸ್ಸೆಂದಿತು,
ತೊಟ್ಟಿಕ್ಕತೊಡಗಿತು.
ಬಟ್ಟೆ ತರಲು ಓಡಿದೆ. ತಂದೆ. ಒರೆಸಲಿಲ್ಲ.

ಈಗ ಎಷ್ಟೋ ರಾತ್ರಿ, ಪಾಳಿಗೆ ಏಳುವ ಮುಂಚೆ,
ಮೂರು ಗಂಟೆಯ ಚಳಿಗೆ ಮರ ಕುಗ್ಗಿ
ಎಲ್ಲೋ ಒಂದು ಮೊಳೆ ಟಕ್ಕೆನ್ನುತ್ತದೆ.
ಯಾವ ಮೂಲೆಯೆಂದು ಹಾಸಿಗೆಯಿಂದಲೇ ಹೇಳಬಲ್ಲೆ.
ಅಂದು ನನ್ನ ಮಾತು ಕೇಳದ ಆ ಕರ್ಣ
ಈಗ ತಾನೇ ಮಾತಾಡುತ್ತದೆ.
ಕೇಳಿಸಿಕೊಳ್ಳುತ್ತೇನೆ.
ಆಮೇಲೆ ಬೂಟು ಹುಡುಕುತ್ತೇನೆ.